ಹೇರೋಹಳ್ಳಿಯ ಏಳು ಹೆಬ್ಬಾತುಗಳು

ಮಹದೇವ್ ಅವರಿಗೆ ಇದ್ದದ್ದು ಒಂದೇ ಕೊರಗು. ಪಕ್ಷಿವೀಕ್ಷಕರ ಸಂಘಕ್ಕೆ ಸೇರಿ ಒಂಬತ್ತು ವರ್ಷವಾದರೂ ಅದರ ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗಿರಲಿಲ್ಲ. (ಒಮ್ಮೆ ಆಗಿತ್ತು, ಕಳೆದುಹೋದ ಛತ್ರಿಯ ಪ್ರಕಟಣೆಯಲ್ಲಿ. ಅದನ್ನು ಅವರು ಪರಿಗಣಿಸುತ್ತಿರಲಿಲ್ಲ.) ಬಿ.ಎಸ್ಸಿ. ಮುಗಿಸಿ ಇಪ್ಪತ್ತು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಪಿಪೆಟ್ ಹಿಡಿದವರಿಗೆ ಇದು ಸಣ್ಣ ಅವಮಾನವಲ್ಲ.

ಆದ್ದರಿಂದ 2006ರ ಒಂದು ಭಾನುವಾರ ಹೇರೋಹಳ್ಳಿ ಕೆರೆಯ ಬಳಿ ಏಳು ಬಿಳಿ ಹೆಬ್ಬಾತುಗಳು ಕಂಡಾಗ ಅವರು ಬೈನಾಕ್ಯುಲರ್ ಇಳಿಸದೆಯೇ ಜೇಬಿನಲ್ಲಿ ಪೆನ್ನು ಹುಡುಕಿದರು. ಕೆರೆಯ ದಂಡೆಯಲ್ಲೇ ಅವರ ಸೈಟು. ಬಸವೇಶ್ವರನಗರದ ಬಾಡಿಗೆ ಮನೆ ಬಿಟ್ಟು ಅಲ್ಲೇ ಮನೆ ಕಟ್ಟಲು ಒಂದು ಲೋಡು ಮರಳು ಇಳಿಸಿದ್ದರು. ಕಾವಲಿಗೊಬ್ಬ ಬೇಕೆಂದು ಹೆಂಡತಿ ಶಶಿಕಲಾ ಹೇಳಿದ್ದನ್ನು ತಳ್ಳಿಹಾಕಿ, ರಾಶಿಯ ಮೇಲೆ ಸುಣ್ಣದ ನೀರಿನಲ್ಲಿ ಚೌಕುಳಿ ಗೆರೆ ಎಳೆದಿದ್ದರು. ಒಂದು ಬಾಂಡಲಿ ಮರಳು ಹೋದರೂ ಗೆರೆ ಕೆಡುತ್ತದೆ, ಆ ಭಯಕ್ಕೆ ಕಳ್ಳ ಹತ್ತಿರ ಸುಳಿಯುವುದಿಲ್ಲ ಎಂಬುದು ಸಿದ್ಧಾಂತ. ಎರಡು ವಾರವಾದರೂ ಗೆರೆ ಕೆಟ್ಟಿರಲಿಲ್ಲ.

"ವಿಜ್ಞಾನ ಕಣೇ," ಎನ್ನುತ್ತಿದ್ದರು ಮಹದೇವ್.

"ಹೌದು ಬಿಡಿ," ಎಂದು ಶಶಿಕಲಾ ಸೊಪ್ಪು ಸೋಸುತ್ತಿದ್ದರು. ಮಧ್ಯಾಹ್ನ ಅವರಿಗೆ ಹೇರೋಹಳ್ಳಿಯ ಅಕ್ಕಯ್ಯಮ್ಮನ ಮನೆಯಲ್ಲಿ ಭಜನೆ. ಸೊಪ್ಪಿನ ಕಡ್ಡಿಯ ಚೀಲವೂ ಜೊತೆಗೆ ಹೋಗುತ್ತಿತ್ತು, ಅಕ್ಕಯ್ಯಮ್ಮನ ಹಸುವಿಗೆ.

ಹಕ್ಕಿಯ ಗುರುತು ಸುಲಭ. ಕೊಕ್ಕಿನ ಬುಡದಲ್ಲಿ ಬುಗುಟು, ಉದ್ದನೆಯ ಕತ್ತು, ನೆಲ ಮುಟ್ಟುವ ಹೊಟ್ಟೆ: ಚೀನೀ ಹೆಬ್ಬಾತು, ಸಾಕು ತಳಿ, ಈ ನಾಡಿನದಲ್ಲ. ಆದರೆ ಅದು ಇಲ್ಲಿ ಸಾಕಿದವರ ಕೈತಪ್ಪಿ ಕಾಡುಹಕ್ಕಿಯಾಗಿ ನೆಲೆಯೂರಿದೆಯೇ? ಹೌದಾದರೆ ಪತ್ರಿಕೆಗೆ ಸುದ್ದಿ. ಹಾಗೆನ್ನಲು ಅದಕ್ಕೆ ಮಾಲೀಕರಿರಬಾರದು, ಮೇವು ತಾನೇ ಹುಡುಕಬೇಕು, ಸಂತಾನ ಬೆಳೆಯಬೇಕು.

ಮಹದೇವ್ ಹತ್ತು ಭಾನುವಾರ ಬೆಳಗ್ಗೆ ನೋಟ್‌ಬುಕ್ ಹಿಡಿದು ಕೂತರು. ಸುತ್ತಲಿನವರನ್ನು ವಿಚಾರಿಸಿದರೆ "ನಮ್ಮವಲ್ಲ ಸಾರ್" ಎಂದು ಎಲ್ಲರೂ ನಕ್ಕರು. ಅಕ್ಕಯ್ಯಮ್ಮ ಸ್ವಲ್ಪ ಹೆಚ್ಚೇ ನಕ್ಕರು. "ಮಾಲೀಕರಿಲ್ಲ" ಎಂದು ಮಹದೇವ್ ಬರೆದುಕೊಂಡರು. ಗೆರೆ ಪರೀಕ್ಷಿಸಲು ಮರಳಿನ ಹತ್ತಿರ ಹೋದಾಗ ಏಳೂ ಕತ್ತು ಚಾಚಿ ಬಂದು, ಪ್ಯಾಂಟಿನ ಹಿಂಭಾಗದಲ್ಲಿ ಒಂದು ತುಂಡು ಕಿತ್ತುಕೊಂಡವು. "ವನ್ಯ ಸ್ವಭಾವ ದೃಢಪಟ್ಟಿದೆ" ಎಂದು ನಿಂತುಕೊಂಡೇ ಬರೆದರು. ಮರಳಿನ ಪಕ್ಕ ಪೇರಿಸಿದ್ದ ಇಟ್ಟಿಗೆಗಳ ಸಂದಿಯಲ್ಲಿ ಐದು ಮೊಟ್ಟೆ ಸಿಕ್ಕಿದ ದಿನ "ಸಂತಾನ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಮುಂದಿನ ವಾರ ಮೊಟ್ಟೆ ಮಾಯ. "ಶತ್ರು: ಮುಂಗುಸಿ."

ಮಹದೇವ್ ಕಳಿಸಿದ ವರದಿ ಪರಿಶೀಲಿಸಲು ಸಂಘದ ಕಾರ್ಯದರ್ಶಿ ವೆಂಕಟಗಿರಿ ತಾವೇ ಕೆರೆಗೆ ಬಂದರು. ನಿಷ್ಠುರ ಮನುಷ್ಯ, ಗುಬ್ಬಿಗೂ ಸಾಕ್ಷಿ ಕೇಳುವವರು. ಫ್ಲಾಸ್ಕಿನ ಕಾಫಿ ಹಿಡಿದು ಶಶಿಕಲಾ ಕೂಡ ಬರಬೇಕಾಯಿತು. ಬೇಡವೆಂದು ಅವರು ಮೂರು ಕಾರಣ ಕೊಟ್ಟಿದ್ದರು, ಮಹದೇವ್ ಮೂರನ್ನೂ ಖಂಡಿಸಿದ್ದರು.

"ಇವು ಮನುಷ್ಯರನ್ನ ಹತ್ತಿರ ಸೇರಿಸಲ್ಲ ಸಾರ್," ಎಂದು ಮಹದೇವ್ ಪಿಸುಗುಡುತ್ತಿದ್ದಂತೆ, ಹಿಂದೆಯೇ ಬಂದ ಶಶಿಕಲಾ ಸ್ಕೂಟರಿನಿಂದ ಇಳಿದರು. ಏಳು ಹೆಬ್ಬಾತುಗಳೂ ರೆಕ್ಕೆ ಬಿಚ್ಚಿ, ಊರೆಲ್ಲ ಕೇಳುವಂತೆ ಕಿರುಚುತ್ತಾ ಓಡಿಬಂದು ಅವರನ್ನು ಸುತ್ತುವರಿದವು. ಒಂದು ಅವರ ಚೀಲದೊಳಗೇ ತಲೆ ಹಾಕಿತು.

ವೆಂಕಟಗಿರಿ ಕನ್ನಡಕ ಒರೆಸಿಕೊಂಡರು. "ಯಾರದಮ್ಮಾ ಇವು?"

"ನಮ್ಮವೇ ಸಾರ್," ಎಂದರು ಶಶಿಕಲಾ, ಗಂಡನ ಕಡೆ ನೋಡದೆ. "ಇಲ್ಲಿಯೋರು ಕಾವಲಿಗೆ ನಾಯಿ ಬದಲು ಇದನ್ನೇ ಸಾಕ್ತಾರೆ. ಮೊದಲನೇ ವಾರಾನೇ ಅರ್ಧ ಮರಳು ಹೋಗಿತ್ತು. ಇವರು ನೋಡೋಕೆ ಮುಂಚೆ ಹೊಸದು ತರಿಸಿ, ಗೆರೇನೂ ಎಳೆದು, ಅಕ್ಕಯ್ಯಮ್ಮನ ಕೈಲಿ ಇವನ್ನ ಕೊಡಿಸ್ಕೊಂಡೆ. ಅಷ್ಟು ಆಸೆಯಿಂದ ಹೇಳ್ಕೊತಿದ್ರು, ವಿಜ್ಞಾನ ಅಂತ."

ಮಹದೇವ್ ಮರಳಿನ ಹತ್ತಿರ ಹೋಗಿ ಬಗ್ಗಿ ಸುಣ್ಣದ ಗೆರೆಗಳನ್ನು ನೋಡಿದರು. ಈಗ ನೋಡಿದರೆ ಅವು ಸ್ವಲ್ಪ ರಂಗೋಲಿಯ ಹಾಗಿದ್ದವು.

"ಮೊಟ್ಟೆ ಮಾತ್ರ ಮುಂಗುಸಿ ತಿಂದಿದ್ದು," ಎಂದರು, ಉಳಿದ ಒಂದೇ ಹುಲ್ಲುಕಡ್ಡಿಗೆ ಜೋತುಬಿದ್ದು.

"ಮುಂಗುಸಿ ಅಲ್ಲ, ನೀವು. ಆಮ್ಲೆಟ್ ಚೆನ್ನಾಗಿದೆ ಅಂತ ಎರಡು ಸಲ ಹಾಕಿಸ್ಕೊಂಡ್ರಿ."

ಮಹದೇವ್ ಏನೇ ಇರಲಿ, ದಾಖಲೆಯಲ್ಲಿ ಸುಳ್ಳು ಬಿಡುವವರಲ್ಲ. ವರದಿಯನ್ನು ಸ್ಕೂಟರಿನ ಸೀಟಿನ ಮೇಲಿಟ್ಟು, ತಪ್ಪಿದ್ದಲ್ಲೆಲ್ಲ ಹೊಡೆದುಹಾಕಿ ನಿಜ ಬರೆದು ಕೊಟ್ಟರು. ವೆಂಕಟಗಿರಿ ಒಂದಕ್ಷರ ಬದಲಿಸದೆ ಅಚ್ಚು ಹಾಕಿಸಿದರು:

"ಹೇರೋಹಳ್ಳಿ: ಚೀನೀ ಹೆಬ್ಬಾತು, ಏಳು. ನೆಲೆಯೂರಿಲ್ಲ, ಸಾಕಿದವು. ಮಾಹಿತಿ: ಶಶಿಕಲಾ. ಮೊಟ್ಟೆಗಳ ಶತ್ರು: ಮಹದೇವ್, ಬಿ.ಎಸ್ಸಿ."