ಲಿಫ್ಟಿಗೂ ಹಳದಿ ಗೆರೆಗೂ ನಡುವಿನ ಎರಡು ಸೀರೆ ಜಾಗಕ್ಕೆ

ಹಿಮಾಯತ್‌ನಗರ, ಹೈದರಾಬಾದ್

ಕೊಂಡಾಪುರದ ಕಡೆಯ ಮೆಟ್ರೋ ಸ್ಟೇಷನ್ನಿನ ಲಿಫ್ಟಿಗೂ, ಗಾಲಿಕುರ್ಚಿಯವರ ವ್ಯಾನ್ ನಿಲ್ಲುವ ಹಳದಿ ಗೆರೆಗೂ ನಡುವೆ ಬಹಳ ಕಾಲದಿಂದ ಠಿಕಾಣಿ ಹೂಡಿರುವ, ಎರಡು ಇಳಕಲ್ ಸೀರೆ ಉದ್ದಕ್ಕೆ ಹಾಸಿದರೆ ಮುಗಿದುಹೋಗುವ ಜಾಗದವರ ಸನ್ನಿಧಿಗೆ,

ಮಾನ್ಯರೇ,

ಅಂಬವ್ವ ಮಾಡುವ ಶರಣು ಶರಣಾರ್ಥಿ. ನಾವು ಇಲ್ಲಿ ಕ್ಷೇಮವಾಗಿದ್ದೇವೆ, ತಾವೂ ತಮ್ಮ ಮನೆಮಂದಿಯೂ ಕ್ಷೇಮವೆಂದು ನಂಬಿದ್ದೇನೆ. ಮೊದಲಿಗೆ ತಮ್ಮ ಮೂವರು ಕಬ್ಬಿಣದ ಗೂಟಗಳ ಆರೋಗ್ಯದ ವಿಷಯ ತಿಳಿಸಬೇಕು. ಬಲಗಡೆಯವರು ನೀರಿನ ಟ್ಯಾಂಕರ್ ತಾಗಿ ಬಾಗಿದ್ದರು, ಈಗಲಾದರೂ ಸೊಂಟ ನೆಟ್ಟಗಾಯಿತೇ? ಕೀಲಿ ಹಾಕಿಸಿಕೊಂಡು ನಿಂತಿರುವ ನಡುವಿನವರಿಗೆ ತುಕ್ಕಿನ ಬಾಧೆ ಹೇಗಿದೆ? ಎಡಗಡೆಯವರ ಬಣ್ಣ ಚೆನ್ನಾಗಿತ್ತು, ದೃಷ್ಟಿ ತೆಗೆಯಿರಿ. ಟ್ರಾನ್ಸ್‌ಫಾರ್ಮರ್ ಡಬ್ಬಿಯವರ ಗೊಣಗಾಟ ಕಡಿಮೆಯಾಯಿತೇ, ಅವರ ನೆರಳಲ್ಲಿ ಮಲಗುವ ಕಂದು ನಾಯಿಯ ಕಿವಿಯ ಗಾಯ ಮಾಯಿತೇ, ಇಡ್ಲಿ ಬಂಡಿಯ ಯಾದಮ್ಮನ ಮಂಡಿನೋವು ಹೇಗಿದೆ, ಲಿಫ್ಟಿನ ಬಾಗಿಲ ಕಾವಲುಗಾರ ಖಾಜಾ ಮಿಯಾ ಅವರ ಕೆಮ್ಮು ಇಳಿಯಿತೇ, ಹಳದಿ ಗೆರೆಯಾಚೆಯ ವ್ಯಾನ್ ಡ್ರೈವರ್ ವಿಠಲ ಸಮಯಕ್ಕೆ ಸರಿಯಾಗಿ ಉಣ್ಣುತ್ತಾನೆಯೇ, ಎಲ್ಲವನ್ನೂ ಬಿಡಿಸಿ ಬರೆಯಿರಿ. ನನ್ನ ಕುರ್ಚಿಯ ಬ್ಯಾಟರಿ ಸುಖವಾಗಿದೆ.

ನನ್ನ ಗುರುತು ತಮಗೆ ಹತ್ತಲಿಕ್ಕಿಲ್ಲ. ಮೂರು ತಿಂಗಳ ಹಿಂದೆ ಒಂದು ಭಾನುವಾರ, ತಮ್ಮ ಅಂಚಿನಲ್ಲಿ, ಮಡಿಲಲ್ಲಿ ಹೊಸ ಸೀರೆಯ ಪೊಟ್ಟಣ ಇಟ್ಟುಕೊಂಡು ಬ್ಯಾಟರಿ ಕುರ್ಚಿಯಲ್ಲಿ ಕುಳಿತಿದ್ದ ಮುದುಕಿ ನಾನೇ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಬೇಸರಿಸಬೇಡಿ. ತೆಲುಗಿನಲ್ಲಿ ಬರೆಸಿದ ಅರ್ಜಿಯನ್ನು ಒಂದು ಕಚೇರಿಯವರು, ಇಂಗ್ಲಿಷಿನಲ್ಲಿ ಬರೆಸಿದ್ದನ್ನು ಇನ್ನೊಂದು ಕಚೇರಿಯವರು ಬಹಳ ಮರ್ಯಾದೆಯಿಂದ ಹಿಂದಕ್ಕೆ ಕಳಿಸಿದ್ದಾರೆ. ತಮ್ಮ ಜೊತೆ ಕನ್ನಡವನ್ನು ಈವರೆಗೆ ಯಾರೂ ಪರೀಕ್ಷಿಸಿಲ್ಲವಾದ್ದರಿಂದ ನನಗೆ ಆಸೆ ಉಳಿದಿದೆ.

ಸಂಗತಿ ಇಷ್ಟು. ನನ್ನ ತಮ್ಮ ಕಲ್ಯಾಣಪ್ಪನ ಮನೆ ಕೊಂಡಾಪುರದಲ್ಲಿದೆ. ಅವನ ಮಗ ವಿಜಯಕುಮಾರನಿಗೆ ಹೆಣ್ಣುಮಗು ಹುಟ್ಟಿತು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯಾದವಳು ಬಾಗಿ, ಕಿವಿಯಲ್ಲಿ ‘ಕುರ್ರ್’ ಎಂದು ಕೂಗಿ ಹೆಸರು ಹೇಳಬೇಕು, ಅವಳು ಹೇಳಿದ ಕೂಡಲೇ ಹಿಂದೆ ನಿಂತವರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ವಿಜಯಕುಮಾರನಿಗೆ ಅಕ್ಕತಂಗಿಯರಿಲ್ಲ. ಹಾಗಾಗಿ ಅವನಿಗೆ ಹೆಸರಿಟ್ಟು ಗುದ್ದು ತಿಂದ ನನಗೇ ಅವನ ಮಗಳಿಗೂ ಹೆಸರಿಡುವ ಹಕ್ಕು ಬಂತು. ನನ್ನ ಎಡಗಾಲು ಮಾತು ಕೇಳುವುದನ್ನು ಬಿಟ್ಟ ಮೇಲೆ ಮನೆಯಲ್ಲಿ ನನಗೆ ಉಳಿದಿರುವ ಹಕ್ಕುಗಳು ಕೆಲವೇ, ಅದರಲ್ಲಿ ಇದು ದೊಡ್ಡದು. ನಾನು ಹೋಗದಿದ್ದರೆ ಸೊಸೆ ಶೈಲಶ್ರೀಯ ಚಿಕ್ಕಮ್ಮ ಗುಂಡಮ್ಮ ಎಂಬವರು ಬೆನ್ನು ತಯಾರಿಟ್ಟುಕೊಂಡು ಕೂತಿದ್ದರು ಎಂಬುದನ್ನೂ ತಿಳಿಸಿಬಿಡುತ್ತೇನೆ.

ನನ್ನ ಕುರ್ಚಿ ಮಡಚುವ ಜಾತಿಯದಲ್ಲ, ಬಾಡಿಗೆ ಕಾರಿನಲ್ಲಿ ಹಿಡಿಸುವುದಿಲ್ಲ. ಆದರೆ ಈಗ ಚಿಂತೆಯೇ ಇಲ್ಲ, ಗಾಲಿಕುರ್ಚಿ ವ್ಯಾನನ್ನು ಮೆಟ್ರೋಗೂ ಬಸ್ಸಿಗೂ ಜೋಡಿಸಿದ್ದೇವೆ, ಮನೆಯ ಬಾಗಿಲಿಂದ ಬಾಗಿಲಿಗೆ ಒಂದೇ ಟಿಕೆಟ್ಟು ಎಂದು ಕಾಗದ ಹಂಚಿದ್ದರು. ಆ ಕಾಗದದ ಚಿತ್ರದಲ್ಲಿ ನನ್ನಂಥ ಮುದುಕಿಯೊಬ್ಬಳು ವ್ಯಾನಿನಿಂದ ಇಳಿದು ನಗುತ್ತಾ ಲಿಫ್ಟಿಗೆ ಹೋಗುತ್ತಿದ್ದಳು. ಚಿತ್ರ ಬಿಡಿಸಿದವರು ತಮ್ಮನ್ನು ಬಿಟ್ಟೇ ಬಿಟ್ಟಿದ್ದರು. ನನಗೆ ಅದನ್ನು ನೋಡಿ ಈಗ ತಮ್ಮ ಮೇಲೆ ಕನಿಕರ ಬರುತ್ತದೆ.

ಆ ಭಾನುವಾರ ನಮ್ಮ ಮನೆಯ ಮುಂದೆ ವ್ಯಾನು ಬಂತು. ರ‍್ಯಾಂಪು ಇಳಿಯಿತು, ನಾನು ಏರಿದೆ. ಜೊತೆಗೆ ನನ್ನ ಮೈದುನನ ಹೆಂಡತಿ ಪಾರ್ವತೆಮ್ಮ. ನಮ್ಮ ಕಡೆಯ ಸ್ಟೇಷನ್ನಿನಲ್ಲಿ ಲಿಫ್ಟಿನ ಬಾಗಿಲಿಗೇ ಇಳಿಸಿದರು. ರೈಲಿನಲ್ಲಿ ಕಾಲೇಜಿನ ಮಕ್ಕಳು ಜಾಗ ಬಿಟ್ಟರು. ಊರೆಲ್ಲ ಕೆಳಗೆ ಗುಬ್ಬಿಗೂಡಿನಷ್ಟಾಗಿ ಹಿಂದಕ್ಕೆ ಓಡುತ್ತಿದ್ದುದನ್ನು ನೋಡುತ್ತಾ, ಬಾಯಲ್ಲಿ ಹೆಸರನ್ನು ಗುನುಗುತ್ತಾ, ನಾನು ಸರ್ಕಾರವನ್ನು ಮನಸಾರೆ ಹರಸಿದೆ. ಕೊಂಡಾಪುರದ ಕಡೆ ಇಳಿದು ಲಿಫ್ಟಿನಿಂದ ಹೊರಬಂದಾಗ ತಮ್ಮ ದರ್ಶನವಾಯಿತು.

ಎದುರಿಗೆ, ತಮ್ಮ ಆ ತುದಿಯಲ್ಲಿ, ವಿಠಲನ ವ್ಯಾನು ರ‍್ಯಾಂಪು ಇಳಿಸಿಕೊಂಡು ನಿಂತಿತ್ತು. ಅದರ ಪಕ್ಕದಲ್ಲೇ ಕೊಂಡಾಪುರಕ್ಕೆ ಹೋಗುವ, ಕೆಳಗೆ ತಗ್ಗಿದ ಮೆಟ್ಟಿಲಿನ ಬಸ್ಸು. ಇಬ್ಬರೂ ನನಗಾಗಿಯೇ ಬಂದವರು. ನಡುವೆ ತಾವು, ತಮ್ಮ ನಡುವೆ ಮೂವರು ಗೂಟದವರು. ಬೈಕುಗಳು ಹಾದುಹೋಗದಿರಲೆಂದು ಅವರನ್ನು ನಿಲ್ಲಿಸಿದ್ದಾರಂತೆ. ನಾನು ನೋಡುತ್ತಿರುವಂತೆಯೇ ಊಟ ತಲುಪಿಸುವ ಹುಡುಗರ ಬೈಕುಗಳು ಸೊಂಟ ಬಳುಕಿಸಿ ದಾಟಿಹೋದವು. ನನ್ನ ಕುರ್ಚಿಗೆ ಸೊಂಟ ಬಳುಕಿಸಲು ಬರುವುದಿಲ್ಲ. ಪಾರ್ವತೆಮ್ಮ ಸುಮ್ಮನಿರುವವಳಲ್ಲ.

“ಅಕ್ಕಾರ, ಸರಕಾರ ನಿಮಗ ಮೂರು ಮಂದಿ ದ್ವಾರಪಾಲಕರನ್ನ ಇಟ್ಟೈತಿ ನೋಡ್ರಿ,” ಅಂದಳು.

ಖಾಜಾ ಮಿಯಾ ಅವರು ತುಂಬ ಒಳ್ಳೆಯವರು. ಲಿಫ್ಟಿನ ಮುಂದಿನ ಬೂದು ಟೈಲ್ಸ್ ಮುಗಿಯುವವರೆಗೂ ನನ್ನ ಕುರ್ಚಿಯ ಹಿಂದೆಯೇ ಬಂದರು, ಕೊನೆಯ ಟೈಲ್ಸಿನ ಮೇಲೆ ಬೂಟು ಜೋಡಿಸಿ ನಿಂತರು. “ಟೈಲ್ಸ್ ತಕ್ ಹಮಾರಾ ಅಮ್ಮಾ, ಆಗೇ ಕಾ ನಕ್ಕೋ ಪೂಛೋ,” ಅಂದರು. ಟೈಲ್ಸಿನವರೆಗೆ ಅವರದು, ಮುಂದಿನದನ್ನು ಕೇಳಬಾರದು. ವಿಠಲನೂ ಒಳ್ಳೆಯವನೇ, ಬೀದರ ಕಡೆಯ ಹುಡುಗ, ನನ್ನ ಸೀರೆಯ ದಡಿ ನೋಡಿಯೇ ಗುರುತು ಹಿಡಿದು ದೂರದಿಂದಲೇ ಕೈಮುಗಿದ. ಹಳದಿ ಗೆರೆ ದಾಟಿ ಬಂದರೆ ಅವನ ಕೆಲಸಕ್ಕೇ ಸಂಚಕಾರವಂತೆ. ಹೀಗೆ ಇಬ್ಬರು ಒಳ್ಳೆಯವರು ತಮ್ಮ ಎರಡು ದಂಡೆಯ ಮೇಲೆ ನಿಂತು ನನ್ನನ್ನು ಪ್ರೀತಿಯಿಂದ ನೋಡಿದರು. ಬಸ್ಸು ಸ್ವಲ್ಪ ಹೊತ್ತು ಕಾದು ಹಾರ್ನು ಹಾಕಿ ಹೋಯಿತು.

ತಮ್ಮ ನಡುವಿನ ಗೂಟದವರ ಬುಡಕ್ಕೆ ಒಂದು ಕೀಲಿ ಇದೆಯಲ್ಲ, ಅದನ್ನು ತೆಗೆದರೆ ಅವರು ನೆಲದಿಂದ ಮೇಲೆ ಬರುತ್ತಾರೆ, ಕುರ್ಚಿ ಸರಾಗವಾಗಿ ಹೋಗುತ್ತದೆ ಎಂದು ಇಬ್ಬರೂ ಹೇಳಿದರು. ಕೀಲಿಕೈ ಮಾತ್ರ ಇಬ್ಬರ ಹತ್ತಿರವೂ ಇಲ್ಲ. ಮೆಟ್ರೋದವರ ಹತ್ತಿರ ಇದೆಯೆಂದು ವಿಠಲ, ವ್ಯಾನಿನವರ ಹತ್ತಿರ ಇದೆಯೆಂದು ಖಾಜಾ ಮಿಯಾ. ಇನ್ನೊಂದು ಬಾಗಿಲಿನಿಂದ ಹೋಗೋಣವೆಂದರೆ ಅದಕ್ಕೆ ಮೆಟ್ಟಿಲು, ರಸ್ತೆಗೆ ಇಳಿಯೋಣವೆಂದರೆ ಅಲ್ಲಿ ಅಗೆದ ಕಾಲುವೆ. ತಮ್ಮ ರಕ್ಷಣೆಗೆ ಊರಿನವರು ಮಾಡಿರುವ ವ್ಯವಸ್ಥೆಯನ್ನು ನಾನು ಹೊಗಳಲೇಬೇಕು. ಹಳೆಯ ಗೋಲ್ಕೊಂಡದ ಕೋಟೆಗೂ ಇಷ್ಟು ಇದ್ದಿರಲಾರದು.

ಅಷ್ಟರಲ್ಲಿ ಕಲ್ಯಾಣಪ್ಪನ ಫೋನು. “ಅಕ್ಕಾ, ಹೊತ್ತು ಮೀರಾಕತ್ತೈತಿ. ಗುಂಡಮ್ಮನವರ ಕಡೆ ಹೆಸರು ಹೇಳಸ್ಲೇನು?” ಅಂದ. ದಾರಿಹೋಕರು ಸೇರಿದ್ದರು, ನಾಲ್ವರು ಗಟ್ಟಿ ಹುಡುಗರು ತೋಳು ಮಡಚಿ ಮುಂದೆ ಬಂದು, ಕುರ್ಚಿಯ ಸಮೇತ ಎತ್ತಿ ಆಚೆ ಇಡುತ್ತೇವೆ ಎಂದರು. ಅವರ ತಾಯಂದಿರ ಹೊಟ್ಟೆ ತಣ್ಣಗಿರಲಿ. ಆದರೆ ತಮಗೆ ಗೊತ್ತಿರಲಿಕ್ಕಿಲ್ಲ, ನಮ್ಮವರಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಹೂವು ಹಾಕಿ ಕುಳ್ಳಿರಿಸಿಯೇ ಹೆಗಲ ಮೇಲೆ ಒಯ್ಯುತ್ತಾರೆ.

“ಕುಂಡ್ರಿಸಿ ನಾಲ್ಕು ಮಂದಿ ಹೊತ್ಕೊಂಡು ಹೋಗೂದು ಒಂದ ಸಲ. ಅದು ಇವತ್ತಲ್ಲ,” ಅಂದೆ.

ಹುಡುಗರು ಹಿಂದೆ ಸರಿದರು. ಫೋನಿನಲ್ಲಿ ಕಲ್ಯಾಣಪ್ಪ ಇದನ್ನು ಕೇಳಿಸಿಕೊಂಡು ಮನೆಯವರಿಗೆ ಏನೋ ಹೇಳತೊಡಗಿದ. ಆಗಲಿ, ಗುಂಡಮ್ಮನವರೇ ಹೇಳಲಿ ಎಂದು ನಾನು ಹೇಳಿದೆನೋ ಇಲ್ಲವೋ ನೆನಪಿಲ್ಲ. ಯಾದಮ್ಮ ಬಂಡಿಯಿಂದ ಒಂದು ಲೋಟ ನೀರು ತಂದುಕೊಟ್ಟಳು. ಪಾರ್ವತೆಮ್ಮ ಚೇಷ್ಟೆ ಬಿಟ್ಟು ಸೆರಗಿನಿಂದ ಗಾಳಿ ಹಾಕಿದಳು. ಅರ್ಧ ಗಂಟೆ ಸುಧಾರಿಸಿಕೊಂಡು, ವಾಪಸು ಹೋಗೋಣವೆಂದು ಕುರ್ಚಿಯನ್ನು ಲಿಫ್ಟಿನ ಕಡೆಗೆ ತಿರುಗಿಸಿಯೂ ಬಿಟ್ಟಿದ್ದೆ.

ತಿರುಗಿಸಿದ್ದಕ್ಕೆ ಬೆನ್ನ ಹಿಂದೆ ಆಟೋಗಳು ನಿಂತದ್ದು ಕಾಣಲಿಲ್ಲ, ಕೇಳಿಸಿತಷ್ಟೇ. ಹೊರಳಿ ನೋಡಿದರೆ, ಗೂಟಗಳ ಆಚೆ ಬಾಣಂತಿ ಶೈಲಶ್ರೀ, ಕಿವಿಗೆ ಅರಿವೆ ಕಟ್ಟಿಕೊಂಡು, ಕೂಸನ್ನು ಎದೆಗೆ ಹಿಡಿದು ನಿಂತಿದ್ದಳು. ಹಿಂದೆ ವಿಜಯಕುಮಾರ, ಕಲ್ಯಾಣಪ್ಪ, ಗುಗ್ಗರಿಯ ಬುಟ್ಟಿ ಹೊತ್ತ ನೆಂಟರು, ಮುಖ ದಪ್ಪ ಮಾಡಿಕೊಂಡ ಗುಂಡಮ್ಮ.

“ಅತ್ತೀರ, ಹೆಸರು ಹೇಳೂ ಬಾಯಿ ಇಲ್ಲೈತಿ. ತೊಟ್ಟಿಲು ಒಂದ ಅಲ್ಲಿದ್ದು ಏನ ಮಾಡೂದೈತ್ರಿ?” ಅಂದಳು ಶೈಲಶ್ರೀ.

ಮುಂದಿನದು ತಮ್ಮ ಮಡಿಲಲ್ಲೇ ನಡೆದದ್ದು, ಆದರೂ ತಾವು ಜಾಗವಾದ್ದರಿಂದ ಮೇಲಿನಿಂದ ಕಂಡಿರಲಾರದೆಂದು ಬರೆಯುತ್ತೇನೆ. ಶೈಲಶ್ರೀಗೆಂದು ನಾನು ತಂದಿದ್ದ ಇಳಕಲ್ ಸೀರೆಯನ್ನು ಪಾರ್ವತೆಮ್ಮ ಬಿಚ್ಚಿ, ಒಂದು ತುದಿಯನ್ನು ಎಡಗಡೆಯ ಗೂಟದವರಿಗೂ ಇನ್ನೊಂದನ್ನು ಕೀಲಿಯ ಗೂಟದವರಿಗೂ ಬಿಗಿದು ತೊಟ್ಟಿಲು ಕಟ್ಟಿದಳು. ನನ್ನ ಕುರ್ಚಿಗೆ ಸಾಲದ ಸಂದು ಕೂಸಿಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಆಚೆಯಿಂದ ಶೈಲಶ್ರೀ ಕೂಸನ್ನು ಮಲಗಿಸಿ ಕೈ ಆಸರೆ ಕೊಟ್ಟಳು, ಈಚೆಯಿಂದ ನಾನು ಕುರ್ಚಿ ತಾಗಿಸಿ ಬಾಗಿದೆ. ಕುರ್ರ್, ಮಂದಾರ, ಅಂದೆ. ಕೂಸು ಆಕಳಿಸಿತು.

ಗುದ್ದಬೇಕಾದ ನೆಂಟರೆಲ್ಲ ಗೂಟಗಳ ಆಚೆ, ಗುದ್ದಬೇಕಾದ ಬೆನ್ನು ಈಚೆ. ಪಾರ್ವತೆಮ್ಮನ ಒಂದು ಗುದ್ದು ಬಿತ್ತು. ಒಂದೇ ಕೈಯ ಗುದ್ದು ಕೂಸಿಗೆ ಸಾಲದು ಎಂದು ಅವಳು ನಾಲ್ಕು ಭಾಷೆಯಲ್ಲಿ ಸಾರಿದಳು. ಅದನ್ನು ಕೇಳಿ ಯಾದಮ್ಮ ಹಿಟ್ಟಿನ ಕೈ ಒರೆಸಿಕೊಂಡು ಬಂದಳು. ಆಮೇಲೆ ಖಾಜಾ ಮಿಯಾ ಅವರು ಎಡಕ್ಕೂ ಬಲಕ್ಕೂ ನೋಡಿ, ಕೊನೆಯ ಟೈಲ್ಸಿನಿಂದ ಕೆಳಗಿಳಿದು, ಬಿಸ್ಮಿಲ್ಲಾ ಎಂದು ಮೆಲ್ಲಗೆ ಒಂದು ಗುದ್ದಿದರು. ಹಳದಿ ಗೆರೆಯ ಕಡೆಯಿಂದ ವಿಠಲ ಓಡಿಬಂದು, ಗೂಟಗಳ ಸಂದಿಯಲ್ಲಿ ತೂರಿ, ಎರಡು ಗುದ್ದಿದ. ಅವನ ಹಿಂದೆಯೇ ಅಡ್ಡಡ್ಡ ತಿರುಗಿ ತೂರಿ ಬಂದವರು ಗುಂಡಮ್ಮ. ಅವರ ಗುದ್ದು ಈ ಪತ್ರ ಬರೆಯುವಾಗಲೂ ಬೆನ್ನಲ್ಲಿದೆ. ನನ್ನ ಕುರ್ಚಿಗೆ ಕೈ ಹಚ್ಚಲು ದಾಟಲಾಗದ ಗೆರೆಯನ್ನೂ ಟೈಲ್ಸನ್ನೂ ನನ್ನ ಬೆನ್ನಿಗೆ ಗುದ್ದಲು ಇಬ್ಬರೂ ದಾಟಿದರು, ಯಾರ ಕೆಲಸವೂ ಹೋಗಲಿಲ್ಲ, ಆಕಾಶವೂ ಬೀಳಲಿಲ್ಲ. ರೈಲಿನಿಂದ ಇಳಿದವರಿಗೆಲ್ಲ ಗುಗ್ಗರಿ ಹಂಚಿದೆವು.

ಅಂದಿನಿಂದ ನಾನು ತಮ್ಮ ಯಜಮಾನರನ್ನು ಹುಡುಕುತ್ತಿದ್ದೇನೆ. ವ್ಯಾನಿನ ಕಚೇರಿಯವರು ಗೆರೆಯವರೆಗೆ ನಮ್ಮದು ಎಂದರು, ಮೆಟ್ರೋದವರು ಟೈಲ್ಸಿನವರೆಗೆ. ರಸ್ತೆಯವರು, ಸ್ಟೇಷನ್ ಕಟ್ಟುವ ಕಾಲಕ್ಕೆ ತಮ್ಮನ್ನು ಮೆಟ್ರೋದವರಿಗೆ ಕೊಟ್ಟಿದ್ದೆವು, ವಾಪಸು ಬಂದದ್ದು ಕಾಣೆವು ಎಂದರು. ಕೊನೆಗೆ ದೂರಿನ ಫೋನಿನಲ್ಲಿ ಒಬ್ಬ ಹುಡುಗಿ, ದನಿ ಜೇನಿನಂಥದು, ಜಾಗದ ಹೆಸರು ಹೇಳದೆ ದೂರು ಬರೆದುಕೊಳ್ಳಲಾಗದು ಅಮ್ಮಾ, ಎಂದಳು. ಹೆಸರಿಲ್ಲದ ತಬ್ಬಲಿ ತಾವೆಂದು ನನಗೆ ಆಗ ಅರ್ಥವಾಯಿತು. ಹೆಸರಿಡುವುದು ನನಗೆ ಹೊಸದಲ್ಲ. ಎರಡು ಕೋಣೆಗಳ ನಡುವೆ ಇದ್ದು ಎರಡೂ ಕೋಣೆಯವರು ಗುಡಿಸುವ ಜಾಗಕ್ಕೆ ನಮ್ಮ ಊರಿನ ಕಡೆ ನಡುಮನೆ ಎನ್ನುತ್ತಾರೆ, ತೊಟ್ಟಿಲು ಕಟ್ಟುವುದೂ ಅಲ್ಲೇ. ಇಂದಿನಿಂದ ತಾವು ನಡುಮನೆ. ತಮ್ಮ ಕಿವಿ ಯಾವ ಕಡೆಗಿದೆಯೆಂದು ತಿಳಿಸಿದರೆ ಬಂದು ಕ್ರಮವಾಗಿ ಕೂಗುತ್ತೇನೆ.

ಇನ್ನು ಬಿನ್ನಹ. ತಾವು ದಯವಿಟ್ಟು ಟೈಲ್ಸಿನ ಕಡೆಗಾಗಲಿ ಗೆರೆಯ ಕಡೆಗಾಗಲಿ ಎರಡು ಸೀರೆಯಷ್ಟು ಸರಿದು ಯಾರದಾದರೂ ಮನೆ ಸೇರಬೇಕು. ಅದು ಆಗದಿದ್ದರೆ ಗೂಟದವರು ಉಪವಾಸ ಮಾಡಿ ತೆಳ್ಳಗಾಗಬೇಕು. ಅದೂ ಆಗದಿದ್ದರೆ, ನಮ್ಮ ಮನೆಯವರು ನಡೆಸುವ ಕಬ್ಬಿಣದ ಸಾಮಾನಿನ ಅಂಗಡಿಯ ಒಂದು ಕೀಲಿ ಕಳಿಸುತ್ತಿದ್ದೇನೆ, ಹಳೆಯದನ್ನು ಒಡೆದು ಇದನ್ನು ಹಾಕಿಸಿಕೊಳ್ಳಿ. ಬಜಾರಿನ ಯಾವ ಕೀಲಿಗೂ ಎರಡು ಕೀಲಿಕೈ ಬರುತ್ತವೆ. ಒಂದು ಖಾಜಾ ಮಿಯಾ ಅವರ ಜೇಬಿಗೆ, ಒಂದು ವಿಠಲನ ಜೇಬಿಗೆ. ವ್ಯಾನು, ಬಸ್ಸು, ಮೆಟ್ರೋ ಮೂವರನ್ನೂ ಜೋಡಿಸುವ ದೊಡ್ಡ ಯೋಜನೆಗೆ ನನ್ನಂಥವಳ ಕಡೆಯಿಂದ ಇದು ಚಿಕ್ಕ ಕಾಣಿಕೆ.

ಮಂದಾರಳ ಮೊದಲ ಹುಟ್ಟುಹಬ್ಬಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ಈ ಸಲ ಕೂಸು ನನ್ನ ಬಳಿಗೆ ಬಂತು, ಪ್ರತಿ ಸಲ ಅದೇ ಬರಲಿ ಎನ್ನುವ ಅತ್ತೆ ನಾನಲ್ಲ. ಅಷ್ಟು ಹೊತ್ತಿಗೆ ಅವಳು ಹೆಜ್ಜೆ ಇಡುತ್ತಿರುತ್ತಾಳೆ, ತಮ್ಮ ಗೂಟಗಳ ನಡುವೆ ತಟ್ಟಾಡುತ್ತಾ ದಾಟಿಯೂ ಬಿಡುತ್ತಾಳೆ. ಅವಳಿಗಿಂತ ಮೊದಲು ನಾನು ದಾಟಬೇಕೆಂಬುದೊಂದೇ ಆಸೆ.

ಸದ್ಯಕ್ಕೆ ಟೈಲ್ಸಿನ ಈ ಬದಿಯಿಂದಲೇ ತಮ್ಮ ವಿಶ್ವಾಸಿ,
ಅಂಬವ್ವ

ತಾ.ಕ.: ಕೀಲಿ ಹಾಕುವ ಸಮಾರಂಭಕ್ಕೆ ಮೂರೂ ಕಚೇರಿಯ ಸಾಹೇಬರನ್ನು ಕರೆಯುವ ಯೋಚನೆಯಿದೆ. ಅವರು ಅಲ್ಲಿ ಭಾಷಣ ಮಾಡಲಿ, ಅಭ್ಯಂತರವಿಲ್ಲ. ತಮಗೆ ಹೆಸರಿಟ್ಟವರು ನಾವೇ ಎಂದು ಅವರಲ್ಲಿ ಯಾರಾದರೂ ಹೇಳಿಕೊಂಡರೆ ಪದ್ಧತಿಯಂತೆ ಬೆನ್ನು ಕೊಡಬೇಕಾಗುತ್ತದೆ, ಗುಂಡಮ್ಮನವರು ಬರಲು ಒಪ್ಪಿದ್ದಾರೆ. ಉತ್ತರವನ್ನು ಯಾವ ಕಚೇರಿಯ ಮೂಲಕವೂ ಕಳಿಸಬೇಡಿ, ಗೆರೆಯಲ್ಲೇ ನಿಂತುಹೋದೀತು. ಯಾದಮ್ಮನ ಕೈಯಲ್ಲಿ ಕೊಟ್ಟರೆ ಸಾಕು. ಕೂಸು ಈಗಾಗಲೇ ಬೋರಲು ಬೀಳುತ್ತಿದೆಯಂತೆ, ಬೇಗ ಬರೆಯಿರಿ.