ಬಾಯಲ್ಲಿಟ್ಟರೆ ಕರಗುವ ಔಷಧ

ಎದೆಯುರಿಗೆ ನಾನೊಂದು ಹೊಸ ಔಷಧ ಮಾಡಿದ್ದೆ. ನಗಬೇಡಿ, ನನಗೆ ಈಗಲೂ ಸಿಟ್ಟು ಬರುತ್ತದೆ! ಆಗ ಹಾಸನದಲ್ಲಿ ಎಂ.ಫಾರ್ಮ ಓದುತ್ತಿದ್ದೆ. ಮಾತ್ರೆಯಲ್ಲ, ಅಂಚೆಚೀಟಿಯಂಥ ತೆಳು ಫಿಲ್ಮ್. ನಾಲಿಗೆಯ ಮೇಲಿಟ್ಟರೆ ನೀರೂ ಬೇಡ, ಕ್ಷಣದಲ್ಲಿ ಕರಗಬೇಕು.

ಅದರ ದ್ರಾವಣವನ್ನು ಗಾಜಿನ ತಟ್ಟೆಗೆ ಹೊಯ್ದು ಒಣಗಿಸಲು ಕಾಲೇಜಿನ ಓವನ್ ಸಿಗಲಿಲ್ಲ. ಕೇಳಿದಾಗಲೆಲ್ಲ ಯಾವನೋ ಸೀನಿಯರ್ ಅದರಲ್ಲಿ ಏನೋ ಇಟ್ಟಿರುತ್ತಿದ್ದ, ದರಿದ್ರದವನು! ಹೆಂಡತಿಯ ತಂಗಿಯ ನಿಶ್ಚಿತಾರ್ಥಕ್ಕೆ ಮಾವನ ಊರು ವನಗೂರಿಗೆ ಹೊರಟಾಗ ದ್ರಾವಣವನ್ನೂ ಗಾಜಿನ ತಟ್ಟೆಯನ್ನೂ ಹೊತ್ತೊಯ್ದೆ. ಅಲ್ಲಿ ಮಾವನವರ ಏಲಕ್ಕಿ ಒಣಗಿಸುವ ಬಿಸಿಗೂಡು, ಅವರ ಮಾತಲ್ಲಿ 'ಸ್ಟೋರ್', ಇತ್ತಲ್ಲ! ಮಾವನವರಿಗೋ ಸದಾ ಹುಳಿತೇಗು. ಅಷ್ಟು ದೊಡ್ಡ ಎದೆಯುರಿಗೆ ತೆಳು ಫಿಲ್ಮ್ ಸಾಲದೆಂದು ಎರಡು ಪದರ ಹೊಯ್ದು, ಏಲಕ್ಕಿಯ ಪಕ್ಕದಲ್ಲಿ ರಾತ್ರಿಯಿಡೀ ಒಣಗಿಸಿದೆ.

ಬೆಳಿಗ್ಗೆ ಗಂಡಿನ ಕಡೆಯವರ ಜೀಪುಗಳು ಬಂದವು. ಹಿಂದಿನ ದಿನದ ಕಡುಬು, ಹಂದಿ ಸಾರಿನ ಪ್ರತಾಪದಿಂದ ಮಾವ ಎದೆ ಉಜ್ಜಿಕೊಳ್ಳುತ್ತಿದ್ದರು.

"ಬಾಯಿ ತೆಗೀರಿ ಮಾವ, ಈಗ ಕರಗುತ್ತೆ," ಎಂದು ಫಿಲ್ಮ್ ಇಟ್ಟೇಬಿಟ್ಟೆ.

ಕರಗಲಿಲ್ಲ! ಮಾವನವರದು ಕಟ್ಟಿಸಿದ ಹಲ್ಲು. ಬಾಯಿ ಮುಚ್ಚಿದ್ದೇ ತಡ, ಮೇಲಿನ ಸೆಟ್ಟೂ ಕೆಳಗಿನ ಸೆಟ್ಟೂ ಫಿಲ್ಮಿಗೆ ಅಂಟಿ ಒಂದಾದವು.

ನಮ್ಮಲ್ಲಿ ಹೆಣ್ಣಿನ ತಂದೆ ವೀಳ್ಯ ಹಿಡಿದು, ನೆರೆದವರ ಮುಂದೆ "ಹೆಣ್ಣು ಕೊಟ್ಟೆವು" ಎಂದು ಬಾಯಿಬಿಟ್ಟು ಹೇಳಬೇಕು. ಬೇರೆಯವರು ಹೇಳಿದರೆ ನಡೆಯದು.

"ಏನ್ ಗೌಡ್ರೆ, ಹೆಣ್ಣು ಕೊಟ್ರಾ?" ಎಂದರು ಗಂಡಿನ ದೊಡ್ಡಪ್ಪ.

"ಮ್ಮ್," ಎಂದರು ಮಾವ.

"ಬಾಯ್ಬುಟ್ಟು ಹೇಳಿ. ಮನಸ್ಸಿಲ್ವಾ?"

ಮಾವ ನನ್ನತ್ತ ಬೆರಳು ತೋರಿಸಿ ಮುಷ್ಟಿ ಬಿಗಿದರು.

"ಓಹೋ, ದೊಡ್ಡ ಅಳಿಯಂಗೆ ಇಷ್ಟ ಇಲ್ವಂತೆ! ಏಳ್ರೋ, ಜೀಪ್ ತಿರುಗ್ಸಿ!" ಎಂದು ದೊಡ್ಡಪ್ಪ ಎದ್ದು ನಿಂತರು. ಒಳಗೆ ನಾದಿನಿ ಅಳತೊಡಗಿದಳು.

ಹೆಂಡತಿ ನನ್ನ ತೋಳು ಹಿಡಿದು ಜಗ್ಗಿದಳು. "ಅಪ್ಪನ್ ಬಾಯಿಗೆ ಏನ್ ಹಾಕ್ಬುಟ್ರಿ?"

"ಸಂಶೋಧನೆ ಕಣೇ!"

"ನಿಮ್ ಸಂಶೋಧನೆಗೆ ಬೆಂಕಿ ಹಾಕ! ನನ್ ತಂಗಿ ಸಂಬಂಧ ಮುರಿದೋದ್ರೆ ನಿಮ್ಮನ್ನೂ ಆ ಸ್ಟೋರಲ್ಲೇ ಒಣಗ್ಸ್ತೀನಿ!"

ನನಗೂ ಮೈಯೆಲ್ಲ ಉರಿಯುತ್ತಿತ್ತು. ಆ ಸೀನಿಯರ್ ಮೇಲೆ, ಮಾವನ ಹಲ್ಲಿನ ಮೇಲೆ, ಎರಡನೆಯ ಪದರ ಹೊಯ್ದ ಈ ಹಾಳು ಕೈಯ ಮೇಲೆ! ಅಷ್ಟರಲ್ಲಿ ಅತ್ತೆ ಬಿಸಿ ಕಾಫಿ ತಂದು, ಮಾವನ ತುಟಿಯ ಸಂದಿಯಲ್ಲಿ ಹನಿಹನಿಯಾಗಿ ಹೊಯ್ದರು. ಲೋಟ ಖಾಲಿಯಾಗುವ ಹೊತ್ತಿಗೆ ದವಡೆ ಟಪ್ಪೆಂದು ಬಿಟ್ಟುಕೊಂಡಿತು.

ಮಾವ ಹಲ್ಲು ಸರಿಮಾಡಿಕೊಂಡು, ವೀಳ್ಯ ಕೈಗೆತ್ತಿಕೊಂಡು, ದೊಡ್ಡಪ್ಪನನ್ನು ಕೇಳಿದರು:

"ಹುಡುಗ ಔಷಧಿ ಗೀಷಧಿ ಓದಿಲ್ಲ ತಾನೇ?"

"ಅಯ್ಯೋ, ಎಸ್ಸೆಲ್ಸಿನೇ ದಾಟಿಲ್ಲ ಕಣ್ರೀ!"

"ಹಂಗಾರೆ ಹೆಣ್ಣು ಕೊಟ್ಟಿವಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ದುರುಗುಟ್ಟಿ ನೋಡಿದ್ದರಿಂದ ನಾನೂ ತಟ್ಟಿದೆ.