ಸಾಲ ಯಾರದೋ, ಮುದ್ದೆ ನಂದು

ಒಂಟಿ ಹೆಂಗಸಿನ ಮನೆಗೆ ಯಾರೂ ಬರಲ್ಲ ಅಂತಾರೆ. ಸುಳ್ಳು. ಸಾಲ ವಸೂಲಿಯವರು ತಪ್ಪದೆ ಬತ್ತಾರೆ. ಸಾಲ ನಿಮ್ಮದೇ ಆಗಿರಬೇಕು ಅಂತೇನೂ ಇಲ್ಲ.

ಬೈಕಿನ ಸಾಲಗಾರ

ಅವ್ವ ಹೋದ ಮೇಲೆ ನಮ್ಮೂರು ಕೈಲಾಂಚದ ಮನೇಲಿ ಇರೋಕಾಗದೆ ರಾಮನಗರದಲ್ಲಿ ಬಾಡಿಗೆ ಮನೆ ಹಿಡಿದೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ. ಬೆಳಗ್ಗೆ ಎಂಟಕ್ಕೆ ಫ್ಯಾಕ್ಟರಿ ಬಸ್ಸು, ಸಂಜೆ ವಾಪಸ್ಸು, ಆಮೇಲೆ ನಾನು, ನಾಲ್ಕು ಗೋಡೆ. ನನಗಿಂತ ಮುಂಚೆ ಆ ಮನೇಲಿದ್ದ ಬಾಡಿಗೆದಾರ, ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದಾಗ ಕೆಲಸ ಸಿಕ್ಕಿದ ಖುಷಿಗೆ ಸಾಲದಲ್ಲಿ ಬೈಕು ತಗೊಂಡು, ಕಂತು ಕಟ್ಟದೆ ಬೈಕಿನ ಸಮೇತ ನಾಪತ್ತೆಯಾಗಿದ್ದ. ಬ್ಯಾಂಕಿಗೆ ಅವನು ಕೊಟ್ಟಿದ್ದ ವಿಳಾಸ, ಫೋನ್ ನಂಬರು ಎರಡೂ ಈ ಮನೆಯವೇ. ಆಗಿನ್ನೂ ಮನೇಲಿ ಲ್ಯಾಂಡ್‌ಲೈನ್ ಇದ್ದ ಕಾಲ.

ಒಂದು ಭಾನುವಾರ ವಸೂಲಿಯವನು ಬಂದ. ದಪ್ಪ ಮೀಸೆ, ಕೈಯಲ್ಲಿ ಫೈಲು. ಬೈಕಿನ ಕಂತು ಬಾಕಿ, ಗಂಡನ್ನ ಕರೀರಿ ಅಂದ. ನನಗೆ ಮದುವೇನೇ ಆಗಿಲ್ಲ ಅಂದೆ. ನಂಬಲಿಲ್ಲ. ಅವನು ಸಿಗೋ ತನಕ ಏಳಲ್ಲ ಅಂತ ಜಗಲಿ ಮೇಲೆ ಕೂತ. ಬಾಗಿಲಿಗೆ ಬಂದೋರು ಶತ್ರುವಾದ್ರೂ ಬರೀ ಹೊಟ್ಟೇಲಿ ಕಳಿಸಬಾರದು ಅಂತ ಅವ್ವ ಹೇಳೋಳು. ಮಧ್ಯಾಹ್ನ ಮುದ್ದೆ, ಉಪ್ಸಾರು ಇಟ್ಟೆ. ಉಂಡ, ಇನ್ನೊಂದು ಮುದ್ದೆ ಹಾಕಿಸ್ಕೊಂಡ, ಕೈ ತೊಳ್ಕೊಂಡು, "ಈಗ ಹೇಳಿ, ಎಲ್ಲಿ ಬಚ್ಚಿಟ್ಟಿದ್ದೀರಿ ಅವನ್ನ?" ಅಂದ.

ಸಂಜೆ ಎದುರು ಮನೆಯಾಕೆ ಬಂದು, ಗಂಡು ಪರವಾಗಿಲ್ಲ, ವಯಸ್ಸು ಒಸಿ ಜಾಸ್ತಿ ಆಯ್ತು ಅಂದ್ಲು.

ಏಳು ಗಂಟೆ

ಆಮೇಲೆ ವಸೂಲಿಯವನ ಫೋನು ಶುರುವಾಯ್ತು. ಹೊತ್ತಿಲ್ಲ ಗೊತ್ತಿಲ್ಲ. ಕೋಳಿ ಕೂಗೋ ಮುಂಚೆ ಇವನು ಕೂಗೋನು. ಚನ್ನಪಟ್ಟಣದಲ್ಲಿ ಬಳಕೆದಾರರ ವೇದಿಕೆ ನಡೆಸೋ ಮೇಷ್ಟ್ರ ಹತ್ರ ಹೋಗಿ ಹೇಳ್ಕೊಂಡೆ. ಬೆಳಗ್ಗೆ ಏಳಕ್ಕೆ ಮುಂಚೆ, ಸಂಜೆ ಏಳರ ಮೇಲೆ ಸಾಲಗಾರನಿಗೂ ಫೋನ್ ಮಾಡಂಗಿಲ್ಲ. ಮನೆಗೆ ಬಂದೋನು ಗುರುತಿನ ಚೀಟಿ, ಬ್ಯಾಂಕಿನ ಪತ್ರ ತೋರಿಸಬೇಕು. ಸಾಲಕ್ಕೆ ಸಂಬಂಧ ಇಲ್ಲದವರನ್ನ ಕಾಡಂಗಿಲ್ಲ ಅಂತ ತಿಳಿಸಿದ್ರು. ಎಲ್ಲಾನೂ ಬರ್ಕೊಂಡು ಬಂದು, ಅವನ ಫೋನು ಬಂದಾಗ ಓದಿ ಹೇಳಿದೆ.

ಅವನ ತಲೆಗೆ ಹೋಗಿದ್ದು ಒಂದೇ ರೂಲು. ಮಾರನೇ ದಿನದಿಂದ ಸರಿಯಾಗಿ ಏಳಕ್ಕೆ ಫೋನ್. ಎದ್ರಾ ಮೇಡಂ, ಅವನು ಬಂದ್ನಾ ಅಂತ ಕೇಳೋನು. ಇಲ್ಲ ಅಂದ್ರೆ, ಹೋಗ್ಲಿ, ತಿಂಡಿ ಏನು ಅನ್ನೋನು. ಉಯ್ಯಂಬಳ್ಳಿ ಕಡೆಯೋನಂತೆ, ಇಲ್ಲಿ ಅವನಿಗೂ ಯಾರೂ ಇಲ್ಲವಂತೆ. ಒಂದಿನ, ದಿನಾ ಯಾಕ್ರೀ ನನ್ನೇ ಗೋಳು ಹುಯ್ಕೋತೀರಿ ಅಂತ ರೇಗಿದೆ.

"ಲಿಸ್ಟಲ್ಲಿ ಫೋನ್ ಎತ್ತೋದು ನೀವೊಬ್ರೇ ಮೇಡಂ" ಅಂದ.

ನಾನು ಅಲಾರಂ ಇಡೋದೇ ಬಿಟ್ಟೆ.

ಗೆದ್ದಿದ್ದು

ಮೇಷ್ಟ್ರು ಬಿಡಬೇಕಲ್ಲ. ಹಕ್ಕು ಅಂದ್ರೆ ಹಕ್ಕು ಅಂತ ಅವರೇ ದೂರು ಬರೆದು, ನನ್ನ ಸಹಿ ಹಾಕಿಸಿ ಬ್ಯಾಂಕಿಗೆ ಕಳಿಸಿದ್ರು. ವಾರದಲ್ಲಿ ಫೋನ್ ನಿಂತೋಯ್ತು. ಗೆದ್ದ ಮೊದಲ ದಿನವೇ ಎಂಟಕ್ಕೆ ಎದ್ದು ಬಸ್ಸು ತಪ್ಪಿಸಿಕೊಂಡೆ.

ಮನೆ ಬಿಕೋ ಅಂತಿತ್ತು. ಸುಳ್ಳು ಯಾಕೆ ಹೇಳ್ಲಿ, ಅಳುವೇ ಬರೋದು. ಹದಿನೈದು ದಿನ ನೋಡಿ, ಫೋನ್ ಕೆಟ್ಟೈತೇನೋ ಅಂತ ಲೈನ್‌ಮ್ಯಾನ್‌ನ ಕರೆಸಿದೆ. ಅವನು ಎತ್ತಿ ಕಿವಿಗಿಟ್ಕೊಂಡು, "ಫೋನ್ ಚೆನ್ನಾಗೈತೆ ಕಣಮ್ಮ, ಮಾಡೋರು ಇರ್ಬೇಕು ಅಷ್ಟೆ" ಅಂದ.

ಸಹಿ

ತಿಂಗಳಾದ ಮೇಲೆ ಒಂದು ಭಾನುವಾರ ಬಾಗಿಲು ಬಡಿದ ಸದ್ದು. ಅದೇ ಮೀಸೆ. ಈ ಸಲ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಬ್ಯಾಂಕಿನ ಪತ್ರ. ಜಗಲಿ ಹತ್ತದೆ ಕೆಳಗೇ ನಿಂತಿದ್ದ. ತಪ್ಪಾಯ್ತು ಮೇಡಂ ಅಂದ. ನನ್ನ ದೂರು ಬಗೆಹರೀತು ಅಂತ ನಾನೊಂದು ಸಹಿ ಹಾಕ್ಬೇಕಂತೆ, ತಿಂಗಳ ಕೊನೆಯೊಳಗೆ ಅವನು ಅದನ್ನ ಬ್ಯಾಂಕಿಗೆ ಒಪ್ಪಿಸಬೇಕಂತೆ. ಸಹಿ ಆದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ ಅಂತ ಆಣೆ ಇಟ್ಟ.

ಸಹಿ ಹಾಕೋಕೆ ಅವನ ಪೆನ್ನು ಇಸ್ಕೊಂಡಿದ್ದೆ. ಆ ಆಣೆ ಕೇಳಿ ಮುಚ್ಚಳ ಹಾಕಿ ವಾಪಸ್ ಕೊಟ್ಟೆ.

"ಈ ವಾರ ಆಗಲ್ಲ. ಮುಂದಿನ ಭಾನುವಾರ ಬನ್ನಿ, ಖಂಡಿತ ಕೊಡ್ತೀನಿ" ಅಂದೆ.

ಈ ಮಾತನ್ನ ಅವನು ಅದೆಷ್ಟು ಸಾಲಗಾರರ ಬಾಯಲ್ಲಿ ಕೇಳಿದ್ನೋ. ಪತ್ರ ಮಡಚಿ ಜೇಬಿಗಿಟ್ಕೊಂಡ. ಆಮೇಲೆ ನಿಧಾನಕ್ಕೆ ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕೂತ.

"ಸಹಿ ಸಿಗೋ ತನಕ ಏಳಲ್ಲ" ಅಂದ.

ಒಳಗೆ ಹೋಗಿ ಮೂರು ಮುದ್ದೆಗೆ ಎಸರಿಟ್ಟೆ. ಅವನಿಗೆರಡು, ನನಗೊಂದು.